ಅರ್ಜಿ ನಮೂನೆಯ ಹಿಂದಿನ ಸಂರಚನೆ: ಆನ್‌ಲೈನ್ ಸೇವಾ ತಂತ್ರಾಂಶಗಳ ಸೆಟ್ಟಿಂಗ್ ನಿರ್ವಹಣೆ ಮತ್ತು ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

(ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳ ಉದಾಹರಣೆಗಳೊಂದಿಗೆ)

1. ಪೀಠಿಕೆ

ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ, ವಾಸಸ್ಥಳ ದೃಢೀಕರಣ, ಪಹಣಿ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳಿಗೆ ಸಾರ್ವಜನಿಕರು ಸಲ್ಲಿಸುವ ಅರ್ಜಿಗಳು ಇಂದು ಬಹುಪಾಲು ಗಣಕಯಂತ್ರದ ಮೂಲಕವೇ ಸ್ವೀಕೃತವಾಗುತ್ತಿವೆ. ನಾಡಕಚೇರಿಯ ಕೌಂಟರಿನಲ್ಲಿ ನೀಡಿದರೂ, ಗ್ರಾಮ ಒನ್ ಕೇಂದ್ರದಲ್ಲಿ ನೀಡಿದರೂ, ಮನೆಯಲ್ಲಿಯೇ ಕುಳಿತು ಜಾಲತಾಣದಲ್ಲಿ ಭರ್ತಿ ಮಾಡಿದರೂ ಅರ್ಜಿಯು ಒಂದು ತಂತ್ರಾಂಶದೊಳಗೆ ಪ್ರವೇಶಿಸುತ್ತದೆ. ಅಲ್ಲಿಂದ ಅದು ಯಾವ ಅಧಿಕಾರಿಯ ಮುಂದೆ ಹೋಗಬೇಕು, ಎಷ್ಟು ದಿನಗಳಲ್ಲಿ ವಿಲೇವಾರಿಯಾಗಬೇಕು, ಯಾವ ದಾಖಲೆಗಳನ್ನು ಕೇಳಬೇಕು, ಎಷ್ಟು ಶುಲ್ಕ ಪಡೆಯಬೇಕು ಎಂಬುದನ್ನು ನಿರ್ಧರಿಸುವುದು ಆ ತಂತ್ರಾಂಶದ ಸಂರಚನೆ, ಅಂದರೆ ಆಡುಮಾತಿನ ಸೆಟ್ಟಿಂಗ್.

ಈ ಸಂರಚನೆ ಅರ್ಜಿದಾರರ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದರ ಪರಿಣಾಮ ಮಾತ್ರ ಅವರ ಮೇಲೆಯೇ ಆಗುತ್ತದೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಹೋಬಳಿಯ ವಿದ್ಯಾರ್ಥಿಯೊಬ್ಬರು ವೃತ್ತಿ ಶಿಕ್ಷಣ ಪ್ರವೇಶಕ್ಕಾಗಿ ಜಾತಿ ಮತ್ತು ಆದಾಯ ಪ್ರಮಾಣ ಪತ್ರಕ್ಕೆ ಅರ್ಜಿ ಸಲ್ಲಿಸುವಾಗ ಅವಸರದಲ್ಲಿ ಕಸಬಾ ಹೋಬಳಿಯನ್ನು ಆಯ್ಕೆ ಮಾಡಿದರೆಂದು ಭಾವಿಸಬಹುದು. ತಂತ್ರಾಂಶವು ಆ ಆಯ್ಕೆಯನ್ನೇ ನಂಬಿ ಅರ್ಜಿಯನ್ನು ಬೇರೊಂದು ಸಾಲಿಗೆ ಕಳುಹಿಸುತ್ತದೆ. ಅಲ್ಲಿ ಅರ್ಜಿ ತಿರಸ್ಕೃತವಾಗಿ ಹೊಸದಾಗಿ ಸಲ್ಲಿಸುವಷ್ಟರಲ್ಲಿ ಪ್ರವೇಶದ ಕೊನೆಯ ದಿನಾಂಕ ಮುಗಿದಿರಬಹುದು. ಒಂದು ವರ್ಷದ ವ್ಯಾಸಂಗವೇ ಕೈತಪ್ಪಬಹುದು. ಆದ್ದರಿಂದ ಸಂರಚನೆ ಎಂದರೇನು, ಅದನ್ನು ಯಾರು ಹೇಗೆ ನಿರ್ವಹಿಸುತ್ತಾರೆ, ಅದರಲ್ಲಿ ದೋಷವಿದ್ದಾಗ ಅರ್ಜಿದಾರರು ಏನು ಮಾಡಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

2. ಚೌಕಟ್ಟು ಮತ್ತು ಸಂರಚನೆ ಎಂದರೇನು?

ಪ್ರತಿಯೊಂದು ಸೇವೆಗೂ ಒಂದೊಂದು ತಂತ್ರಾಂಶವನ್ನು ಮೊದಲಿನಿಂದ ಬರೆಯುವುದು ದುಬಾರಿ. ಕಾಲವೂ ಹೆಚ್ಚು ಬೇಕು. ಬಹುತೇಕ ಸೇವೆಗಳಲ್ಲಿ ನಡೆಯುವ ಕೆಲಸ ಒಂದೇ ಬಗೆಯದು: ಅರ್ಜಿ ಸ್ವೀಕಾರ, ಸ್ವೀಕೃತಿ ಸಂಖ್ಯೆ, ಪರಿಶೀಲನೆ, ಆದೇಶ, ಪ್ರಮಾಣ ಪತ್ರ. ಈ ಸಾಮಾನ್ಯ ಕೆಲಸಗಳನ್ನು ಒಮ್ಮೆ ಸಿದ್ಧಪಡಿಸಿ, ಅದರ ಮೇಲೆ ಬೇರೆ ಬೇರೆ ಸೇವೆಗಳನ್ನು ಕಟ್ಟಲು ಅನುವು ಮಾಡಿಕೊಡುವ ತಳಹದಿಗೆ ಚೌಕಟ್ಟು ಎಂದು ಹೆಸರು. ಒಂದು ಸೇವೆಯಿಂದ ಇನ್ನೊಂದಕ್ಕೆ, ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ವ್ಯತ್ಯಾಸವಾಗುವ ಅಂಶಗಳನ್ನು ಮಾತ್ರ ಮೂಲ ಕಾರ್ಯಕ್ರಮದಿಂದ ಹೊರಗೆ ತೆಗೆದು ಪ್ರತ್ಯೇಕ ಪಟ್ಟಿಯಾಗಿ ಇಡಲಾಗುತ್ತದೆ. ಆ ಪಟ್ಟಿಯೇ ಸಂರಚನೆ.

ಮುದ್ರಿತ ನಮೂನೆಯ ಹೋಲಿಕೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾದ ನಮೂನೆ ರಾಜ್ಯಕ್ಕೆಲ್ಲ ಒಂದೇ. ಅದರಲ್ಲಿ ಕಚೇರಿಯ ಹೆಸರು, ಅಧಿಕಾರಿಯ ಪದನಾಮ, ದಿನಾಂಕಗಳಿಗೆ ಬಿಟ್ಟ ಜಾಗಗಳನ್ನು ಆಯಾ ಕಚೇರಿಯವರು ತುಂಬುತ್ತಾರೆ. ಅಚ್ಚಾದ ಭಾಗವು ಮೂಲ ಕಾರ್ಯಕ್ರಮಕ್ಕೆ ಸಮ. ತುಂಬುವ ಜಾಗಗಳು ಸಂರಚನೆಗೆ ಸಮ. ಕಚೇರಿಯ ಹೆಸರು ಬದಲಾದರೆ ನಮೂನೆಯನ್ನು ಮತ್ತೆ ಅಚ್ಚು ಹಾಕಿಸಬೇಕಿಲ್ಲ.

ತಂತ್ರಾಂಶ ಲೋಕದಲ್ಲಿ ಇದು ಹೊಸ ಪದ್ಧತಿಯಲ್ಲ. 2002ರಲ್ಲಿ ಬಿಡುಗಡೆಯಾದ ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್ ನೆಟ್ ಚೌಕಟ್ಟಿನಲ್ಲಿ ಜಾಲತಾಣದ ಸೆಟ್ಟಿಂಗ್‌ಗಳನ್ನು ವೆಬ್ ಡಾಟ್ ಕಾನ್ಫಿಗ್ ಎಂಬ ಪ್ರತ್ಯೇಕ ಕಡತದಲ್ಲಿ ಇಡುವ ವ್ಯವಸ್ಥೆಯಿತ್ತು. ತಂತ್ರಾಂಶ ರಚನಾಕಾರರು ತಮಗೆ ಬೇಕಾದ ಹೆಚ್ಚುವರಿ ಸೆಟ್ಟಿಂಗ್‌ಗಳನ್ನು, ಒಂದು ಹೆಸರು ಮತ್ತು ಅದಕ್ಕೆ ಒಂದು ಬೆಲೆ ಎಂಬ ಜೋಡಿಗಳಾಗಿ, ಅದರಲ್ಲಿಯೇ ಸೇರಿಸಬಹುದಾಗಿತ್ತು. ಅನಂತರದ ಚೌಕಟ್ಟುಗಳಲ್ಲಿಯೂ ಕಡತದ ರೂಪ ಬೇರೆಯಾದರೂ ತತ್ವ ಇದೇ ಆಗಿದೆ.

3. ಕರ್ನಾಟಕದಲ್ಲಿ ಈ ಪದ್ಧತಿ ಬೆಳೆದುಬಂದ ಬಗೆ

2000ದಲ್ಲಿ ಆರಂಭವಾದ ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಗಣಕೀಕರಿಸಲಾಯಿತು. ಮೊದಲ ವರ್ಷಗಳಲ್ಲಿ ಪಹಣಿಯ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿಯೇ ಇರುತ್ತಿತ್ತು. ಇಂತಹ ವ್ಯವಸ್ಥೆಯಲ್ಲಿ ಯಾವುದೇ ಬದಲಾವಣೆಯನ್ನು ಪ್ರತಿ ತಾಲ್ಲೂಕಿಗೂ ತಲುಪಿಸಬೇಕಾಗುತ್ತದೆ. ಒಂದು ತಾಲ್ಲೂಕಿಗೆ ತಲುಪುವುದು ತಡವಾದರೆ ಅಲ್ಲಿ ಹಳೆಯ ಕ್ರಮವೇ ಮುಂದುವರಿಯುತ್ತದೆ. ದತ್ತಾಂಶವು ರಾಜ್ಯ ಮಟ್ಟದಲ್ಲಿ ಒಂದೆಡೆ ಸೇರಿದ ಮೇಲೆ ಸೆಟ್ಟಿಂಗ್‌ಗಳನ್ನೂ ಒಂದೇ ಕಡೆಯಿಂದ ನಿರ್ವಹಿಸಲು ಸಾಧ್ಯವಾಯಿತು.

ಡಿಸೆಂಬರ್ 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ನಾಡಕಚೇರಿಗಳಲ್ಲಿ ಹೋಬಳಿ ಮಟ್ಟದಲ್ಲಿ ಪ್ರಾರಂಭವಾದವು. ಅದೇ ವರ್ಷ, ಸೇವೆಗಳನ್ನು ನಿಗದಿತ ಕಾಲದಲ್ಲಿ ನೀಡಬೇಕೆಂಬ ಸಕಾಲ ವ್ಯವಸ್ಥೆಯು ಜಾರಿಗೆ ಬಂದಿತು. ಅದನ್ನು ಮಾರ್ಚ್ 2012ರಲ್ಲಿ ಮೊದಲು ಔರಾದ್, ಚಿತ್ರದುರ್ಗ, ಧಾರವಾಡ ಮತ್ತು ಪುತ್ತೂರು ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ನಡೆಸಿ, 2 ಏಪ್ರಿಲ್ 2012ರಿಂದ ರಾಜ್ಯಕ್ಕೆಲ್ಲ ವಿಸ್ತರಿಸಲಾಯಿತು. ಮೊದಲು ಪರೀಕ್ಷೆ, ಅನಂತರ ವಿಸ್ತರಣೆ ಎಂಬ ಈ ಕ್ರಮವು ಸೆಟ್ಟಿಂಗ್‌ಗಳ ನಿರ್ವಹಣೆಯಲ್ಲಿಯೂ ಅನುಸರಿಸಬೇಕಾದ ಕ್ರಮವಾಗಿದೆ.

ಅನೇಕ ಇಲಾಖೆಗಳ ಸೇವೆಗಳನ್ನು ಒಂದೇ ಸೂರಿನಡಿ ತಂದ ಸೇವಾ ಸಿಂಧು ಪೋರ್ಟಲ್, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ಸರ್ವೀಸ್‌ಪ್ಲಸ್ ಎಂಬ ಚೌಕಟ್ಟಿನ ಮೇಲೆ ನಿರ್ಮಿತವಾದುದು. ಪಂಚಾಯತಿಗಳ ಗಣಕೀಕರಣ ಯೋಜನೆಯ ಅಂಗವಾಗಿ ರೂಪುಗೊಂಡ ಈ ಚೌಕಟ್ಟಿನ ಮುಖ್ಯ ಲಕ್ಷಣವೆಂದರೆ, ಅರ್ಜಿ ನಮೂನೆ, ಕಡತದ ಹಾದಿ, ಶುಲ್ಕ, ಪ್ರಮಾಣ ಪತ್ರದ ಮಾದರಿ ಮುಂತಾದವುಗಳನ್ನು ಹೊಸದಾಗಿ ಕಾರ್ಯಕ್ರಮ ಬರೆಯದೆ ಸಂರಚನೆಯ ಮೂಲಕವೇ ಗೊತ್ತುಪಡಿಸಬಹುದು. 2020ರ ಕೋವಿಡ್ ಕಾಲದಲ್ಲಿ ಅಂತರರಾಜ್ಯ ಪ್ರಯಾಣದ ನೋಂದಣಿಗೂ, ಆಟೋ ಮತ್ತು ಟ್ಯಾಕ್ಸಿ ಚಾಲಕರ 5,000 ರೂಪಾಯಿ ಪರಿಹಾರದ ಅರ್ಜಿಗೂ ಈ ಪೋರ್ಟಲ್ ಅನ್ನೇ ಬಳಸಲಾಯಿತು. ತುರ್ತಿನ ಸಂದರ್ಭದಲ್ಲಿ ಹೊಸ ಸೇವೆಯನ್ನು ಕಡಿಮೆ ಅವಧಿಯಲ್ಲಿ ಆರಂಭಿಸಬೇಕಾದಾಗ ಸಂರಚನೆಯಾಧಾರಿತ ಚೌಕಟ್ಟಿನ ಪ್ರಯೋಜನವು ಸ್ಪಷ್ಟವಾಗಿ ಕಾಣುತ್ತದೆ.

4. ಒಂದು ಸೇವೆಯ ಸಂರಚನೆಯಲ್ಲಿ ಏನೇನಿರುತ್ತದೆ?

ಸಾಮಾನ್ಯವಾಗಿ ಈ ಕೆಳಕಂಡ ಅಂಶಗಳು ಇರುತ್ತವೆ:

ಅ) ನಮೂನೆಯ ಅಂಕಣಗಳು: ಯಾವ ವಿವರ ಕಡ್ಡಾಯ, ಯಾವುದು ಐಚ್ಛಿಕ, ಹೆಸರನ್ನು ಕನ್ನಡದಲ್ಲಿ ಮಾತ್ರ ಪಡೆಯಬೇಕೆ ಅಥವಾ ಎರಡೂ ಭಾಷೆಗಳಲ್ಲಿ ಪಡೆಯಬೇಕೆ.

ಆ) ದಾಖಲೆಗಳ ಪಟ್ಟಿ: ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು, ಕಡತದ ಗರಿಷ್ಠ ಗಾತ್ರ ಮತ್ತು ಸ್ವರೂಪ.

ಇ) ಸ್ಥಳ ಸಂಕೇತಗಳು: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳ ಪಟ್ಟಿ ಹಾಗೂ ಅವುಗಳಿಗೆ ನೀಡಿದ ಸಂಖ್ಯೆಗಳು.

ಈ) ಕಡತದ ಹಾದಿ: ಅರ್ಜಿಯು ಯಾರಿಂದ ಯಾರಿಗೆ ಹೋಗಬೇಕು. ನಾಡಕಚೇರಿಯ ಪ್ರಮಾಣ ಪತ್ರಗಳಲ್ಲಿ ಗ್ರಾಮ ಆಡಳಿತ ಅಧಿಕಾರಿ ಮತ್ತು ರಾಜಸ್ವ ನಿರೀಕ್ಷಕರ ವರದಿಯ ಮೇಲೆ, ಸೇವೆಯನ್ನನುಸರಿಸಿ, ಉಪ ತಹಶೀಲ್ದಾರ್ ಅಥವಾ ತಹಶೀಲ್ದಾರ್ ಆದೇಶ ನೀಡುವುದು ವಾಡಿಕೆಯ ಕ್ರಮ.

ಉ) ಕಾಲಮಿತಿ ಮತ್ತು ರಜಾ ದಿನಗಳ ಪಟ್ಟಿ.

ಊ) ಶುಲ್ಕ: ಸರ್ಕಾರಿ ಶುಲ್ಕ ಹಾಗೂ ಸೇವಾ ಕೇಂದ್ರದ ಶುಲ್ಕ.

ಋ) ಸಂದೇಶಗಳು: ಮೊಬೈಲಿಗೆ ಯಾವ ಹಂತದಲ್ಲಿ ಸಂದೇಶ ಹೋಗಬೇಕು, ಅದರ ಒಕ್ಕಣೆ ಏನು.

ಎ) ಪ್ರಮಾಣ ಪತ್ರದ ಮಾದರಿ, ಸಿಂಧುತ್ವದ ಅವಧಿ ಮತ್ತು ಡಿಜಿಟಲ್ ಸಹಿಯ ವಿವರ.

ಕಡತದ ಹಾದಿಯಲ್ಲಿ ವ್ಯಕ್ತಿಯ ಹೆಸರಿನ ಬದಲು ಹುದ್ದೆಯನ್ನು ನಮೂದಿಸುವುದು ಸರಿಯಾದ ಪದ್ಧತಿ. ಅಧಿಕಾರಿಯೊಬ್ಬರು ವರ್ಗಾವಣೆಯಾದಾಗ ಆ ಹುದ್ದೆಗೆ ಹೊಸಬರ ಹೆಸರನ್ನು ಜೋಡಿಸಿದರೆ ಸಾಕು. ಅರ್ಜಿಗಳ ಹಾದಿ ಬದಲಾಗುವುದಿಲ್ಲ. ಹಾಗೆ ಜೋಡಿಸುವುದು ತಡವಾದರೆ ಅರ್ಜಿಗಳು ಹಿಂದಿನವರ ಲಾಗಿನ್‌ನಲ್ಲಿಯೇ ಉಳಿಯುತ್ತವೆ. ಗ್ರಾಮ ಲೆಕ್ಕಿಗ ಎಂಬ ಪದನಾಮವು ಗ್ರಾಮ ಆಡಳಿತ ಅಧಿಕಾರಿ ಎಂದು ಬದಲಾದಂತಹ ಸಂದರ್ಭದಲ್ಲಿಯೂ ಪದನಾಮವು ಒಂದೇ ಕಡೆ ದಾಖಲಾಗಿದ್ದರೆ ಒಮ್ಮೆ ತಿದ್ದಿದರೆ ಸಾಕಾಗುತ್ತದೆ. ಅದೇ ಪದನಾಮವನ್ನು ನೂರು ಕಡೆ ಪ್ರತ್ಯೇಕವಾಗಿ ಬರೆದಿಟ್ಟಿದ್ದರೆ ನೂರು ಕಡೆಯೂ ತಿದ್ದಬೇಕು. ಒಂದನ್ನು ಮರೆತರೂ ತೊಡಕು.

5. ಸ್ಥಳ ಸಂಕೇತಗಳು: ಹೆಸರು ಒಂದೇ, ಸ್ಥಳ ಬೇರೆ

ಅರ್ಜಿದಾರರಿಗೆ ಅತಿ ಹೆಚ್ಚು ಸಂಬಂಧಿಸಿದ ಸೆಟ್ಟಿಂಗ್ ಎಂದರೆ ಸ್ಥಳದ್ದು. ನಂಜನಗೂಡು ತಾಲ್ಲೂಕಿನಲ್ಲಿ ಕಸಬಾ, ಬಿಳಿಗೆರೆ, ಚಿಕ್ಕಯ್ಯನಛತ್ರ, ದೊಡ್ಡಕವಲಂದೆ ಮತ್ತು ಹುಲ್ಲಹಳ್ಳಿ ಹೋಬಳಿಗಳಿವೆ. ತಿ. ನರಸೀಪುರ ತಾಲ್ಲೂಕಿನಲ್ಲಿ ಕಸಬಾ, ಬನ್ನೂರು, ಮೂಗೂರು, ಸೋಸಲೆ ಮತ್ತು ತಲಕಾಡು ಹೋಬಳಿಗಳಿವೆ. ಎರಡು ತಾಲ್ಲೂಕುಗಳಲ್ಲಿಯೂ ಕಸಬಾ ಎಂಬ ಹೋಬಳಿ ಇರುವುದನ್ನು ಗಮನಿಸಬಹುದು. ತಾಲ್ಲೂಕಿನ ಮುಖ್ಯ ಊರಿನ ಹೋಬಳಿಯನ್ನು ಕಸಬಾ ಎಂದು ಕರೆಯುವುದು ರಾಜ್ಯದ ಬಹುತೇಕ ಕಡೆ ರೂಢಿಯಲ್ಲಿದೆ. ಹಾಗೆಯೇ ಹೊಸಹಳ್ಳಿ, ಹೊಸೂರು ಮುಂತಾದ ಹೆಸರಿನ ಗ್ರಾಮಗಳು ಅನೇಕ ತಾಲ್ಲೂಕುಗಳಲ್ಲಿವೆ. ತಂತ್ರಾಂಶವು ಹೆಸರನ್ನು ಮಾತ್ರ ನೆಚ್ಚಿಕೊಂಡರೆ ಯಾವ ಕಸಬಾ, ಯಾವ ಹೊಸಹಳ್ಳಿ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಇನ್ನೊಂದು ತೊಡಕು, ಒಂದೇ ಊರಿಗೆ ಹಲವು ಹೆಸರು. ತಿರುಮಕೂಡಲು ನರಸೀಪುರ, ತಿ. ನರಸೀಪುರ, ಟಿ. ನರಸೀಪುರ ಈ ಮೂರೂ ಕಾವೇರಿ ಮತ್ತು ಕಪಿಲಾ ನದಿಗಳ ಸಂಗಮದಲ್ಲಿರುವ ಒಂದೇ ಊರು. ಓದುವ ಮನುಷ್ಯನಿಗೆ ಇದರಲ್ಲಿ ಗೊಂದಲವಿಲ್ಲ. ಗಣಕಯಂತ್ರಕ್ಕೆ ಇವು ಮೂರು ಬೇರೆ ಬೇರೆ ಹೆಸರುಗಳು. 1 ನವೆಂಬರ್ 2014ರಂದು ಮೈಸೂರು ಸೇರಿದಂತೆ ರಾಜ್ಯದ 12 ನಗರಗಳ ಹೆಸರುಗಳ ಬದಲಾವಣೆ ಜಾರಿಗೆ ಬಂದಾಗಲೂ ಇದೇ ವಿಷಯ ಎದುರಾಯಿತು. ಕನ್ನಡದಲ್ಲಿ ಮೈಸೂರು ಎಂಬ ಬರಹ ಮೊದಲಿನಂತೆಯೇ ಉಳಿಯಿತು. ಇಂಗ್ಲಿಷಿನ ಕಾಗುಣಿತ ಮಾತ್ರ ಬದಲಾಯಿತು. ಆ ದಿನಕ್ಕೆ ಮುಂಚಿನ ದಾಖಲೆಗಳಲ್ಲಿ ಹಳೆಯ ಇಂಗ್ಲಿಷ್ ರೂಪವೇ ಇರುವುದು ಸಹಜ.

ಈ ತೊಡಕುಗಳ ಪರಿಹಾರವಾಗಿ ಸ್ಥಳಗಳಿಗೆ ಸಂಖ್ಯೆಯ ಸಂಕೇತ ನೀಡಲಾಗುತ್ತದೆ. ದೇಶದ ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಮತ್ತು ಸ್ಥಳೀಯ ಸಂಸ್ಥೆಗಳಿಗೆ ಪ್ರತ್ಯೇಕ ಸಂಕೇತ ನೀಡುವ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯನ್ನು ಕೇಂದ್ರ ಪಂಚಾಯತಿ ರಾಜ್ ಸಚಿವಾಲಯವು ನಿರ್ವಹಿಸುತ್ತದೆ. ತಂತ್ರಾಂಶವು ಒಳಗೆ ಸಂಕೇತವನ್ನು ಬಳಸಿ, ಹೊರಗೆ ಪರದೆಯ ಮೇಲೆ ಹೆಸರನ್ನು ತೋರಿಸುತ್ತದೆ. ಹೆಸರು ಬದಲಾದರೂ ಸಂಕೇತ ಸ್ಥಿರವಾಗಿರುವುದರಿಂದ ಹಳೆಯ ಅರ್ಜಿಗಳ ಕೊಂಡಿ ಕಡಿಯುವುದಿಲ್ಲ.

ಅರ್ಜಿದಾರರು ಗಮನಿಸಬೇಕಾದ ಮೂರು ವಿಷಯಗಳು ಇಲ್ಲಿವೆ.

ಮೊದಲನೆಯದಾಗಿ, ಕಂದಾಯ ವ್ಯಾಪ್ತಿ ಬೇರೆ, ವಿಧಾನಸಭಾ ಕ್ಷೇತ್ರದ ವ್ಯಾಪ್ತಿ ಬೇರೆ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ರಚಿತವಾದ ವರುಣ ಕ್ಷೇತ್ರದಲ್ಲಿ ಮೈಸೂರು, ನಂಜನಗೂಡು ಮತ್ತು ತಿ. ನರಸೀಪುರ ಈ ಮೂರೂ ತಾಲ್ಲೂಕುಗಳ ಭಾಗಗಳಿವೆ. ಮತದಾರರ ಗುರುತಿನ ಚೀಟಿಯಲ್ಲಿ ವರುಣ ಎಂದಿದೆ ಎಂಬ ಕಾರಣಕ್ಕೆ ಅರ್ಜಿಯಲ್ಲಿ ಮೈಸೂರು ತಾಲ್ಲೂಕಿನ ವರುಣ ಹೋಬಳಿಯನ್ನು ಆಯ್ಕೆ ಮಾಡಬಾರದು. ಪಹಣಿಯಲ್ಲಿ ಅಥವಾ ಹಿಂದಿನ ಪ್ರಮಾಣ ಪತ್ರದಲ್ಲಿ ಇರುವ ಹೋಬಳಿಯನ್ನೇ ನಮೂದಿಸತಕ್ಕದ್ದು.

ಎರಡನೆಯದಾಗಿ, ಕಂದಾಯ ಗ್ರಾಮ ಮತ್ತು ಸ್ಥಳೀಯ ಸಂಸ್ಥೆ ಎಂಬ ಎರಡು ಪ್ರತ್ಯೇಕ ಪಟ್ಟಿಗಳಿವೆ. ಪ್ರಮಾಣ ಪತ್ರಗಳಿಗೆ ಹೋಬಳಿ ಮತ್ತು ಗ್ರಾಮದ ಪಟ್ಟಿ ಅನ್ವಯಿಸುತ್ತದೆ. ಸ್ವತ್ತಿನ ಖಾತೆ, ತೆರಿಗೆ, ಕಟ್ಟಡ ಪರವಾನಗಿ ಮುಂತಾದವುಗಳಿಗೆ ನಂಜನಗೂಡು ಪಟ್ಟಣದಲ್ಲಿ ನಗರಸಭೆ, ತಿ. ನರಸೀಪುರ ಮತ್ತು ಬನ್ನೂರು ಪಟ್ಟಣಗಳಲ್ಲಿ ಪುರಸಭೆ, ಗ್ರಾಮಾಂತರದಲ್ಲಿ ಗ್ರಾಮ ಪಂಚಾಯತಿ ಅನ್ವಯಿಸುತ್ತದೆ.

ಮೂರನೆಯದಾಗಿ, ಹಳೆಯ ದಾಖಲೆಯಲ್ಲಿನ ಜಿಲ್ಲೆಯ ಹೆಸರು ಇಂದಿನದಕ್ಕಿಂತ ಬೇರೆಯಾಗಿರಬಹುದು. ಚಾಮರಾಜನಗರ ಜಿಲ್ಲೆಯು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟಿತು. ಅದಕ್ಕೂ ಮುಂಚೆ ಗುಂಡ್ಲುಪೇಟೆ ಅಥವಾ ಕೊಳ್ಳೇಗಾಲದಲ್ಲಿ ಪಡೆದ ಶಾಲಾ ವರ್ಗಾವಣೆ ಪತ್ರದಲ್ಲಿ ಮೈಸೂರು ಜಿಲ್ಲೆ ಎಂದಿರುತ್ತದೆ. ಅದು ದಾಖಲೆಯ ತಪ್ಪಲ್ಲ. ಅರ್ಜಿಯ ವಿಳಾಸದಲ್ಲಿ ಇಂದಿನ ಜಿಲ್ಲೆಯನ್ನು ಬರೆದು, ದಾಖಲೆಯನ್ನು ಇದ್ದಂತೆಯೇ ಲಗತ್ತಿಸಬೇಕು.

6. ಕಾಲಮಿತಿ ಮತ್ತು ರಜಾ ದಿನಗಳು

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅನ್ವಯ ಅಧಿಸೂಚಿತ ಸೇವೆಗಳಿಗೆ ಕಾಲಮಿತಿ ನಿಗದಿಯಾಗಿದೆ. ಅರ್ಜಿ ಸ್ವೀಕೃತವಾದಾಗ 15 ಅಂಕಿ-ಅಕ್ಷರಗಳ ಸ್ವೀಕೃತಿ ಸಂಖ್ಯೆ ದೊರೆಯುತ್ತದೆ. ನಾಡಕಚೇರಿಯ ಅರ್ಜಿಗಳಲ್ಲಿ ಇದು ಆರ್.ಡಿ. ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರವೇಶದ ವೇಳೆ ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳನ್ನು ಪರಿಶೀಲಿಸುವುದು ಈ ಸಂಖ್ಯೆಯ ಮೂಲಕವೇ. ಆದ್ದರಿಂದ ಪ್ರಮಾಣ ಪತ್ರ ಕೈಗೆ ಬಂದ ಮೇಲೂ ಈ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ವಿಲೇವಾರಿಯ ಕೊನೆಯ ದಿನಾಂಕವನ್ನು ತಂತ್ರಾಂಶವು ಎರಡು ಸೆಟ್ಟಿಂಗ್‌ಗಳಿಂದ ಲೆಕ್ಕ ಹಾಕುತ್ತದೆ: ಆ ಸೇವೆಗೆ ನಿಗದಿಯಾದ ಕೆಲಸದ ದಿನಗಳು ಮತ್ತು ರಜಾ ದಿನಗಳ ಪಟ್ಟಿ. ಜೂನ್ 2019ರಿಂದ ರಾಜ್ಯ ಸರ್ಕಾರಿ ಕಚೇರಿಗಳಿಗೆ ಎರಡನೆಯ ಶನಿವಾರದ ಜೊತೆಗೆ ನಾಲ್ಕನೆಯ ಶನಿವಾರವೂ ರಜೆಯಾಯಿತು. ಇಂತಹ ಸಂದರ್ಭದಲ್ಲಿ ಸಂರಚನೆಯ ಮಹತ್ವ ತಿಳಿಯುತ್ತದೆ. ರಜಾ ಪಟ್ಟಿ ಪ್ರತ್ಯೇಕವಾಗಿದ್ದರೆ ಅದರಲ್ಲಿ ಒಂದು ನಿಯಮ ಸೇರಿಸಿದರೆ ಸಾಕು, ಎಲ್ಲ ಸೇವೆಗಳ ಲೆಕ್ಕವೂ ಸರಿಯಾಗುತ್ತದೆ. ಉದಾಹರಣೆಗೆ ಒಂದು ಸೇವೆಗೆ 21 ಕೆಲಸದ ದಿನಗಳ ಮಿತಿ ಇದೆ ಎಂದಿಟ್ಟುಕೊಂಡರೆ, ನಡುವೆ ಬರುವ ನಾಲ್ಕು ಭಾನುವಾರ, ಎರಡು ರಜಾ ಶನಿವಾರ ಮತ್ತು ಒಂದು ಹಬ್ಬದ ರಜೆ ಸೇರಿ ಒಟ್ಟು 28 ದಿನಗಳಾಗಬಹುದು. ಕೊನೆಯ ದಿನಾಂಕವನ್ನು ಅರ್ಜಿದಾರರು ಮನಸ್ಸಿನಲ್ಲಿ ಲೆಕ್ಕ ಹಾಕುವ ಬದಲು ಸ್ವೀಕೃತಿ ಪತ್ರದಲ್ಲಿ ಮುದ್ರಿತವಾದ ದಿನಾಂಕವನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಸೂಕ್ತ.

7. ಯಾವ ಸೆಟ್ಟಿಂಗ್ ಯಾರ ಅಧೀನ?

ಉತ್ತಮ ಚೌಕಟ್ಟಿನಲ್ಲಿ ಸೆಟ್ಟಿಂಗ್‌ಗಳು ಪದರ ಪದರವಾಗಿ ಇರುತ್ತವೆ. ತಳದಲ್ಲಿ ಎಲ್ಲರಿಗೂ ಅನ್ವಯಿಸುವ ಮೂಲ ಬೆಲೆಗಳು. ಅದರ ಮೇಲೆ ಇಲಾಖೆಯವು. ಅದರ ಮೇಲೆ ಜಿಲ್ಲೆ ಅಥವಾ ತಾಲ್ಲೂಕಿನವು. ಮೇಲಿನ ಪದರದಲ್ಲಿ ಬೆಲೆ ನಮೂದಾಗಿದ್ದರೆ ಅದು ಅನ್ವಯಿಸುತ್ತದೆ. ಇಲ್ಲದಿದ್ದರೆ ಕೆಳಗಿನ ಪದರದ ಬೆಲೆ ತಾನಾಗಿಯೇ ಅನ್ವಯಿಸುತ್ತದೆ. ಹೀಗಾಗಿ ಪ್ರತಿ ತಾಲ್ಲೂಕಿಗೂ ಪೂರ್ಣ ಪಟ್ಟಿಯನ್ನು ಬರೆಯಬೇಕಿಲ್ಲ. ವ್ಯತ್ಯಾಸವನ್ನು ಮಾತ್ರ ಬರೆದರೆ ಸಾಕು.

ಆದರೆ ಎಲ್ಲ ಸೆಟ್ಟಿಂಗ್‌ಗಳನ್ನೂ ತಾಲ್ಲೂಕು ಮಟ್ಟದಲ್ಲಿ ಬದಲಿಸಲು ಬಿಡಬಾರದು. ಕಾಲಮಿತಿ, ಶುಲ್ಕ, ಕಡ್ಡಾಯ ದಾಖಲೆಗಳ ಪಟ್ಟಿ ಇವು ಸರ್ಕಾರದ ಆದೇಶ ಅಥವಾ ಅಧಿಸೂಚನೆಯಿಂದ ನಿರ್ಧಾರವಾಗುವಂಥವು. ಇವು ನಂಜನಗೂಡಿಗೆ ಒಂದು, ತಿ. ನರಸೀಪುರಕ್ಕೆ ಇನ್ನೊಂದು ಆಗಿರಲು ಅವಕಾಶವಿಲ್ಲ. ಅಧಿಕಾರಿಗಳ ಲಾಗಿನ್ ಜೋಡಣೆ, ಕೌಂಟರುಗಳ ಸಂಖ್ಯೆ, ಕಚೇರಿಯ ವಿಳಾಸ ಇವು ಸ್ಥಳೀಯವಾಗಿ ಬದಲಾಗುವಂಥವು. ಮೊದಲ ಬಗೆಯವನ್ನು ಬೀಗ ಹಾಕಿ ಎರಡನೆಯ ಬಗೆಯವನ್ನು ಮಾತ್ರ ತೆರೆದಿಡುವುದು ಸಂರಚನೆಯ ನಿರ್ವಹಣೆಯ ಮುಖ್ಯ ಭಾಗ.

8. ಬದಲಾವಣೆಯನ್ನು ಮಾಡುವ ಕ್ರಮ

ಸೆಟ್ಟಿಂಗ್‌ನಲ್ಲಿ ಒಂದು ಅಂಕಿಯನ್ನು ಬದಲಿಸುವುದು ಕ್ಷಣದ ಕೆಲಸ. ಅದರ ಪರಿಣಾಮ ಸಾವಿರಾರು ಅರ್ಜಿಗಳ ಮೇಲೆ. ಆದ್ದರಿಂದ ಕೆಳಕಂಡ ಎಚ್ಚರಿಕೆಗಳು ಅವಶ್ಯವೆಂದು ತಂತ್ರಾಂಶ ನಿರ್ವಹಣೆಯಲ್ಲಿ ಒಪ್ಪಿತವಾಗಿದೆ:

ಅ) ಮೊದಲು ಪರೀಕ್ಷಾ ಸರ್ವರ್‌ನಲ್ಲಿ ಬದಲಿಸಿ, ಮಾದರಿ ಅರ್ಜಿಗಳನ್ನು ಕೊನೆಯ ಹಂತದವರೆಗೂ ನಡೆಸಿ ನೋಡಬೇಕು. ಸಾರ್ವಜನಿಕರು ಬಳಸುವ ಸರ್ವರ್‌ನಲ್ಲಿ ನೇರವಾಗಿ ಬದಲಿಸಬಾರದು.

ಆ) ಬದಲಾವಣೆಯನ್ನು ಒಬ್ಬರು ಸಿದ್ಧಪಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು.

ಇ) ಯಾರು, ಯಾವಾಗ, ಯಾವ ಆದೇಶದ ಮೇರೆಗೆ, ಹಿಂದೆ ಏನಿದ್ದುದನ್ನು ಏನಾಗಿ ಬದಲಿಸಿದರು ಎಂಬುದು ದಾಖಲಾಗಬೇಕು. ಹಿಂದಿನ ಬೆಲೆಯನ್ನು ಅಳಿಸಬಾರದು. ಅಗತ್ಯವಾದರೆ ಅದಕ್ಕೆ ಮರಳಲು ಸಾಧ್ಯವಾಗಬೇಕು.

ಈ) ಪ್ರತಿ ಬದಲಾವಣೆಗೂ ಜಾರಿಯ ದಿನಾಂಕವಿರಬೇಕು. ಜಾರಿಗೆ ಮುಂಚೆ ಸಲ್ಲಿಕೆಯಾದ ಅರ್ಜಿಗಳಿಗೆ, ಆದೇಶದಲ್ಲಿ ಬೇರೆ ರೀತಿ ಹೇಳಿರದ ಹೊರತು, ಹಿಂದಿನ ನಿಯಮವೇ ಅನ್ವಯಿಸುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ನಿನ್ನೆ ಸರಿಯಾಗಿದ್ದ ಅರ್ಜಿ ಇಂದು ಅಪೂರ್ಣವೆಂದು ಹಿಂತಿರುಗುತ್ತದೆ.

ಉ) ಗುಪ್ತಪದಗಳು, ಹಣ ಪಾವತಿಯ ಕೀಲಿಗಳು, ಡಿಜಿಟಲ್ ಸಹಿಯ ಕೀಲಿಗಳು ಇವನ್ನು ಸಾಮಾನ್ಯ ಸೆಟ್ಟಿಂಗ್‌ಗಳ ಜೊತೆ ಇಡಬಾರದು. ಇವುಗಳಿಗೆ ಪ್ರತ್ಯೇಕ ರಕ್ಷಣೆ ಬೇಕು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ ಅನ್ವಯ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಇರುವುದರಿಂದ, ಅದರ ಕೀಲಿ ಬೇರೆಯವರ ಕೈಸೇರಿದರೆ ಅಧಿಕಾರಿಯ ಮೊಹರೇ ಕಳುವಾದಂತೆ.

9. ಸಂರಚನೆಯು ನಿಯಮವಲ್ಲ

ಕಚೇರಿಗಳಲ್ಲಿ ಮತ್ತು ಸೇವಾ ಕೇಂದ್ರಗಳಲ್ಲಿ "ಕಂಪ್ಯೂಟರ್ ತೆಗೆದುಕೊಳ್ಳುತ್ತಿಲ್ಲ" ಎಂಬ ಉತ್ತರ ಕೇಳಿಬರುವುದುಂಟು. ಗಣಕಯಂತ್ರವು ತಾನಾಗಿ ಏನನ್ನೂ ನಿರಾಕರಿಸುವುದಿಲ್ಲ. ಅದರಲ್ಲಿ ಯಾರೋ ನಮೂದಿಸಿದ ಸೆಟ್ಟಿಂಗ್ ಪ್ರಕಾರ ಅದು ನಡೆಯುತ್ತದೆ. ಆ ಸೆಟ್ಟಿಂಗ್ ಸರ್ಕಾರದ ಆದೇಶಕ್ಕೆ ಅನುಗುಣವಾಗಿದ್ದರೆ ಅರ್ಜಿದಾರರು ಅದನ್ನು ಪಾಲಿಸಬೇಕು. ಆದೇಶದಲ್ಲಿ ಇಲ್ಲದ ದಾಖಲೆಯನ್ನು ನಮೂನೆಯು ಕಡ್ಡಾಯವೆಂದು ಕೇಳುತ್ತಿದ್ದರೆ ಅಥವಾ ಅರ್ಹ ಗ್ರಾಮವೊಂದು ಪಟ್ಟಿಯಲ್ಲಿಯೇ ಇಲ್ಲದಿದ್ದರೆ ಅದು ಸಂರಚನೆಯ ದೋಷ. ಅಂತಹ ದೋಷಕ್ಕೆ ಅರ್ಜಿದಾರರು ಹೊಣೆಗಾರರಲ್ಲ. ಆದೇಶಕ್ಕೂ ಪರದೆಗೂ ವ್ಯತ್ಯಾಸವಿದ್ದಲ್ಲಿ ಆದೇಶವೇ ಅಂತಿಮ.

ದೋಷ ಕಂಡುಬಂದಲ್ಲಿ ಅರ್ಜಿದಾರರು ಅನುಸರಿಸಬೇಕಾದ ಕ್ರಮ:

ಅ) ಮೊದಲು ತಮ್ಮ ನಮೂದನ್ನು ಪರಿಶೀಲಿಸಬೇಕು: ತಾಲ್ಲೂಕು, ಹೋಬಳಿ, ಗ್ರಾಮ, ಹೆಸರಿನ ಕಾಗುಣಿತ. ಭೂ ದಾಖಲೆಯಾದರೆ ಸರ್ವೆ ನಂಬರ್ ಮತ್ತು ಹಿಸ್ಸಾ.

ಆ) ಪರದೆಯ ಮೇಲೆ ಕಂಡ ಸಂದೇಶವನ್ನು ಇದ್ದಂತೆ ಬರೆದುಕೊಳ್ಳಬೇಕು ಅಥವಾ ಛಾಯಾಚಿತ್ರ ತೆಗೆದುಕೊಳ್ಳಬೇಕು. ದಿನಾಂಕ ಮತ್ತು ಸಮಯವನ್ನೂ ನಮೂದಿಸಬೇಕು. "ಅರ್ಜಿ ಹೋಗುತ್ತಿಲ್ಲ" ಎಂಬುದಕ್ಕಿಂತ "ಸೋಸಲೆ ಹೋಬಳಿ ಆಯ್ಕೆ ಮಾಡಿದಾಗ ಗ್ರಾಮಗಳ ಪಟ್ಟಿ ಖಾಲಿ ಬರುತ್ತಿದೆ" ಎಂದು ತಿಳಿಸಿದರೆ ದೋಷವು ಬೇಗ ಪತ್ತೆಯಾಗುತ್ತದೆ.

ಇ) ಅದನ್ನು ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಗೆ ಲಿಖಿತವಾಗಿ ನೀಡಿ ಸ್ವೀಕೃತಿ ಪಡೆಯಬೇಕು. ಕೊನೆಯ ದಿನಾಂಕ ಹತ್ತಿರವಿದ್ದಲ್ಲಿ ಈ ಸ್ವೀಕೃತಿಯು, ಅರ್ಜಿದಾರರು ಸಕಾಲದಲ್ಲಿ ಪ್ರಯತ್ನಿಸಿದ್ದರೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಈ) ಅರ್ಜಿ ಸ್ವೀಕೃತವಾಗಿ ಕಾಲಮಿತಿ ಮೀರಿದಲ್ಲಿ ಅಥವಾ ತಿರಸ್ಕೃತವಾದಲ್ಲಿ, 30 ದಿನಗಳ ಒಳಗೆ ಸಕಾಲ ಅಧಿನಿಯಮದಡಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು, ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರವಿದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ.

ಉ) ಯಾವ ಆದೇಶದ ಮೇರೆಗೆ ದಾಖಲೆಯನ್ನು ಕಡ್ಡಾಯಗೊಳಿಸಲಾಗಿದೆ ಎಂದು ತಿಳಿಯಬೇಕಾದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳ ಒಳಗೆ ಉತ್ತರ ನೀಡಬೇಕು. ಮಾಹಿತಿಯು ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು 5 ದಿನಗಳ ಒಳಗೆ ಅಲ್ಲಿಗೆ ವರ್ಗಾಯಿಸಬೇಕೆಂದು ಅಧಿನಿಯಮದ 6(3)ನೇ ಪ್ರಕರಣವು ಹೇಳುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗ್ರಾಮದ ಹೆಸರು ಪಟ್ಟಿಯಲ್ಲಿ ಕಾಣುತ್ತಿಲ್ಲ. ಪಕ್ಕದ ಗ್ರಾಮವನ್ನು ಆಯ್ಕೆ ಮಾಡಬಹುದೆ?
ಉತ್ತರ: ಮಾಡಬಾರದು. ಊರು ದಾಖಲೆ ಗ್ರಾಮವೊಂದರ ಮಜರೆಯಾಗಿದ್ದಲ್ಲಿ ಪಟ್ಟಿಯಲ್ಲಿ ಆ ದಾಖಲೆ ಗ್ರಾಮದ ಹೆಸರಿರುತ್ತದೆ. ಪಹಣಿ ನೋಡಿ ಖಚಿತಪಡಿಸಿಕೊಂಡು ಅದನ್ನೇ ಆಯ್ಕೆ ಮಾಡಬೇಕು. ಅದೂ ಇಲ್ಲದಿದ್ದಲ್ಲಿ ನಾಡಕಚೇರಿಗೆ ಲಿಖಿತವಾಗಿ ತಿಳಿಸಬೇಕು.

ಪ್ರಶ್ನೆ: ತಪ್ಪು ಹೋಬಳಿ ಆಯ್ಕೆಯಾಗಿ ಅರ್ಜಿ ಸಲ್ಲಿಕೆಯಾಗಿದೆ. ಮುಂದೇನು?
ಉತ್ತರ: ತಿರಸ್ಕಾರಕ್ಕಾಗಿ ಕಾಯದೆ ಕೂಡಲೇ ಸ್ವೀಕೃತಿ ಸಂಖ್ಯೆಯೊಂದಿಗೆ ಕಚೇರಿಯನ್ನು ಸಂಪರ್ಕಿಸಬೇಕು. ಅಲ್ಲಿ ಸರಿಪಡಿಸಲು ಸಾಧ್ಯವಾಗದಿದ್ದರೆ ಸರಿಯಾದ ಹೋಬಳಿಯಲ್ಲಿ ಅಂದೇ ಹೊಸ ಅರ್ಜಿ ಸಲ್ಲಿಸುವುದರಿಂದ ದಿನಗಳು ಉಳಿಯುತ್ತವೆ.

ಪ್ರಶ್ನೆ: ಪಕ್ಕದ ಊರಿನ ಕೇಂದ್ರದಲ್ಲಿ ಬೇರೆ ಶುಲ್ಕ ಪಡೆಯುತ್ತಾರೆ. ಏಕೆ?
ಉತ್ತರ: ಸರ್ಕಾರಿ ಶುಲ್ಕ ಎಲ್ಲೆಡೆ ಒಂದೇ. ಸೇವಾ ಕೇಂದ್ರದ ಶುಲ್ಕ ಅದಕ್ಕೆ ಹೊರತಾದುದು. ಎರಡೂ ಪ್ರತ್ಯೇಕವಾಗಿ ನಮೂದಾಗಿರುವ ರಸೀದಿಯನ್ನು ಕೇಳಿ ಪಡೆಯಬೇಕು.

ಪ್ರಶ್ನೆ: ಆಧಾರ್‌ನಲ್ಲಿ ಮತ್ತು ಶಾಲಾ ದಾಖಲೆಯಲ್ಲಿ ಹೆಸರಿನ ಇನಿಷಿಯಲ್ ಬೇರೆ ಇದೆ. ತೊಂದರೆಯಾಗುವುದೆ?
ಉತ್ತರ: ತಂತ್ರಾಂಶವು ಅಕ್ಷರಕ್ಕೆ ಅಕ್ಷರ ಹೋಲಿಸುವಂತೆ ಸಂರಚಿತವಾಗಿದ್ದರೆ ತೊಂದರೆಯಾಗಬಹುದು. ಪ್ರವೇಶ ಅಥವಾ ವಿದ್ಯಾರ್ಥಿವೇತನದ ಅರ್ಜಿಗೆ ಮುಂಚೆಯೇ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರುವಂತೆ ತಿದ್ದಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ತಹಶೀಲ್ದಾರರನ್ನು ಕೋರಿದರೆ ಸೆಟ್ಟಿಂಗ್ ಬದಲಿಸಿಕೊಡುವರೆ?
ಉತ್ತರ: ಸ್ಥಳೀಯ ಸೆಟ್ಟಿಂಗ್‌ಗಳನ್ನು ಸರಿಪಡಿಸಲು ಕ್ರಮ ಕೈಗೊಳ್ಳಬಹುದು. ಕಾಲಮಿತಿ, ಶುಲ್ಕ, ದಾಖಲೆಗಳ ಪಟ್ಟಿ ಅವರ ವ್ಯಾಪ್ತಿಯಲ್ಲಿಲ್ಲ. ದೋಷವಿದ್ದಲ್ಲಿ ಮೇಲಿನ ಕಚೇರಿಗೆ ವರದಿ ಮಾಡಬೇಕಾಗುತ್ತದೆ.

11. ಅರ್ಜಿ ಸಲ್ಲಿಸುವ ಮುನ್ನ

ಸಲ್ಲಿಸು ಎಂಬ ಗುಂಡಿಯನ್ನು ಒತ್ತುವ ಮುನ್ನ ಪೂರ್ವವೀಕ್ಷಣೆಯ ಪುಟವನ್ನು ಒಮ್ಮೆ ಓದತಕ್ಕದ್ದು. ಸೇವಾ ಕೇಂದ್ರದಲ್ಲಿ ಬೇರೆಯವರು ಭರ್ತಿ ಮಾಡುತ್ತಿದ್ದರೂ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿ ತೋರಿಸುವಂತೆ ಕೇಳಲು ಅರ್ಜಿದಾರರು ಸಂಕೋಚಪಡಬೇಕಿಲ್ಲ. ಓದಲು ಬಾರದವರು ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಹೆಸರನ್ನು ಗಟ್ಟಿಯಾಗಿ ಓದಿಸಿ ಕೇಳಬೇಕು. ಮೊಬೈಲ್ ಸಂಖ್ಯೆ ತಮ್ಮದೇ ಆಗಿರಬೇಕು. ಕೇಂದ್ರದವರ ಸಂಖ್ಯೆ ನಮೂದಾಗಿದ್ದರೆ ಅರ್ಜಿಯ ಸಂದೇಶಗಳು ಅರ್ಜಿದಾರರಿಗೆ ತಲುಪುವುದಿಲ್ಲ. ಸ್ವೀಕೃತಿ ಪತ್ರವನ್ನು ಪಡೆಯದೆ ಕೇಂದ್ರದಿಂದ ಹೊರಡಬಾರದು.

ತಂತ್ರಾಂಶದ ಸಂರಚನೆಯನ್ನು ಸರಿಯಾಗಿ ಇಡುವುದು ಇಲಾಖೆಗಳ ಹೊಣೆ. ಸರಿಯಾದ ವಿವರವನ್ನು ನಮೂದಿಸುವುದು ಅರ್ಜಿದಾರರ ಹೊಣೆ. ಎರಡೂ ಸರಿಯಾದಲ್ಲಿ ಅರ್ಜಿಯು ಕೂಡಬೇಕಾದ ಕಚೇರಿಯನ್ನು ಕೂಡಿ, ನಿಗದಿತ ದಿನದೊಳಗೆ ಪ್ರಮಾಣ ಪತ್ರವಾಗಿ ಮನೆಗೆ ಮರಳುತ್ತದೆ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಹಾಗೂ ಇತರ ತಾಲ್ಲೂಕುಗಳ ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.